ಅತ್ತೆಗೆ ಮಾತ್ರೆ, ಅಕ್ಕನಿಗೆ ಕೀಮೋ: ಒಂದೇ ಕಾಯಿಲೆಗೆ ಯಾಕೆ ಎರಡು ದಾರಿ?

ಹೇಮಾವತಿ ತೀರ · ಜೂನ್ 3, ರಾತ್ರಿ 9:40

ಎಲ್ಲರಿಗೂ ನಮಸ್ಕಾರ. ಇಲ್ಲಿ ಮೊದಲ ಸಲ ಬರೆಯುತ್ತಿದ್ದೇನೆ. ಸ್ವಲ್ಪ ಉದ್ದ ಆಗಬಹುದು.

ಮೂರು ವರ್ಷದ ಹಿಂದೆ ನಮ್ಮ ಅತ್ತೆಗೆ, ಅಂದರೆ ನನ್ನ ಗಂಡನ ತಾಯಿಗೆ, ಸ್ತನ ಕ್ಯಾನ್ಸರ್ ಅಂತ ಗೊತ್ತಾಯಿತು. ಆಗ ಅವರಿಗೆ 64. ಆಪರೇಷನ್ ಮಾಡಿದರು, ಮೂರು ವಾರ ಕರೆಂಟ್ (ರೇಡಿಯೇಷನ್) ಕೊಟ್ಟರು, ಆಮೇಲೆ ದಿನಕ್ಕೊಂದು ಲೆಟ್ರೊಜೋಲ್ ಮಾತ್ರೆ. ಕೀಮೋ ಬೇಡ ಅಂದರು. ಈಗ ಕಾಫಿ ಕೊಯ್ಲಿನ ಸಮಯದಲ್ಲಿ ಕಣದಲ್ಲಿ ನಿಂತು ಕೆಲಸ ಮಾಡಿಸುತ್ತಾರೆ.

ಎರಡು ತಿಂಗಳ ಹಿಂದೆ ನನ್ನ ಅಕ್ಕನಿಗೂ ಅದೇ ಕಾಯಿಲೆ ಅಂದರು. ಅವಳಿಗೆ 36. ಎರಡು ಮಕ್ಕಳು, ಇಬ್ಬರಿಗೂ ಎರಡೆರಡು ವರ್ಷ ಹಾಲು ಕುಡಿಸಿದ್ದಾಳೆ. ಸ್ನಾನ ಮಾಡುವಾಗ ಗಂಟು ಕೈಗೆ ಸಿಕ್ಕಿತ್ತು, ನೋವಿರಲಿಲ್ಲ. ಮೊದಲು ತೋರಿಸಿದ ಕಡೆ "ಹಾಲಿನ ಗಂಟು, ಈ ವಯಸ್ಸಿಗೆ ಏನೂ ಆಗಲ್ಲ" ಅಂತ ಕಳಿಸಿದರು. ಅಲ್ಲೇ ನಾಲ್ಕು ತಿಂಗಳು ಹೋಯಿತು. ಅದನ್ನು ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ.

ಈಗ ಆಪರೇಷನ್‌ಗೆ ಮುಂಚೆಯೇ ಕೀಮೋ ಶುರು ಮಾಡಿದ್ದಾರೆ. ಮೂರು ವಾರಕ್ಕೊಮ್ಮೆ ನಾಲ್ಕು, ಆಮೇಲೆ ವಾರಕ್ಕೊಂದರಂತೆ ಹನ್ನೆರಡು. ಮೊದಲನೆಯದು ಮುಗಿದಿದೆ. ಊರಿನಲ್ಲಿ ಎಲ್ಲರದ್ದೂ ಒಂದೇ ಮಾತು: "ನಿಮ್ಮ ಅತ್ತೆಗೆ ಮಾತ್ರೆಯಲ್ಲೇ ಹೋಯಿತಲ್ಲ, ಇವಳಿಗೆ ಯಾಕೆ ಇಷ್ಟೊಂದು? ದುಡ್ಡು ಕೀಳೋಕೆ." ಅಕ್ಕನೂ ನಿನ್ನೆ ಕೇಳಿದಳು, "ಆ ಮಾತ್ರೆ ನನಗೂ ಕೊಡ್ತಾರಾ ಕೇಳು."

ಇಬ್ಬರ ರಿಪೋರ್ಟನ್ನೂ ಪಕ್ಕಪಕ್ಕ ಇಟ್ಟು ನೋಡಿದೆ. ಎರಡರಲ್ಲೂ "ಇನ್ವೇಸಿವ್ ಡಕ್ಟಲ್ ಕಾರ್ಸಿನೋಮಾ" ಅಂತಲೇ ಇದೆ. ಕೆಳಗಿನ ಸಾಲುಗಳು ಮಾತ್ರ ಬೇರೆ.

ಅತ್ತೆ: ಗ್ರೇಡ್ 1, ಇಆರ್ 8/8, ಪಿಆರ್ 7/8, ಹರ್-2 ಸೊನ್ನೆ, ಕೆಐ-67 ನೂರಕ್ಕೆ 8.
ಅಕ್ಕ: ಗ್ರೇಡ್ 3, ಇಆರ್ ಸೊನ್ನೆ, ಪಿಆರ್ ಸೊನ್ನೆ, ಹರ್-2 1+, ಕೆಐ-67 ನೂರಕ್ಕೆ 70.

ಹೆಸರು ಒಂದೇ ಆದಮೇಲೆ ಇದು ಒಂದೇ ಕಾಯಿಲೆ ತಾನೇ? ಅಕ್ಕನಿಗೆ ಏನಂತ ಹೇಳಲಿ?

ತುಮಕೂರು ಟೀಚರ್ · ಜೂನ್ 3, ರಾತ್ರಿ 10:05

ಓದಿ ಸಂಕಟ ಆಯಿತಮ್ಮ. ಅಕ್ಕನ ಜೊತೆ ನೀವಿದ್ದೀರಲ್ಲ, ಅದೇ ದೊಡ್ಡದು. ರಿಪೋರ್ಟ್ ಓದಲು ಬರುವವರು ಇಲ್ಲಿದ್ದಾರೆ, ಬರೆಯುತ್ತಾರೆ.

ನನ್ನದೂ ಒಂದು ಪ್ರಶ್ನೆ. ಹಾಲು ಕುಡಿಸಿದವರಿಗೆ ಇದು ಬರುವುದಿಲ್ಲ ಅಂತ ನಾನೇ ಮಕ್ಕಳ ತಾಯಂದಿರಿಗೆ ಹೇಳುತ್ತಾ ಬಂದಿದ್ದೇನೆ. ತಪ್ಪು ಹೇಳಿದೆನಾ?

ಸ್ಲೈಡ್ ನೋಡುವವಳು · ಜೂನ್ 3, ರಾತ್ರಿ 11:20

ನಾನು ಮಂಗಳೂರಿನ ಕಡೆ ಪೆಥಾಲಜಿಸ್ಟ್. ಇಂಥ ರಿಪೋರ್ಟ್ ಬರೆಯುವುದೇ ನನ್ನ ದಿನದ ಕೆಲಸ.

ನಿಮ್ಮ ಅಕ್ಕನಿಗೆ ಹೀಗೆ ಹೇಳಿ: ಹೆಸರು ಒಂದೇ, ಕಾಯಿಲೆ ಎರಡು. "ಡಕ್ಟಲ್" ಅನ್ನುವ ಪದ ಅಂಥ ದೊಡ್ಡ ಸುದ್ದಿ ಏನೂ ಹೇಳುವುದಿಲ್ಲ. ನೂರರಲ್ಲಿ 70–80 ಗಡ್ಡೆಗಳಿಗೆ ಅದೇ ಹೆಸರು. ಬೇರೆ ಯಾವ ವಿಶೇಷ ಗುಂಪಿಗೂ ಸೇರದಿದ್ದರೆ ಅಲ್ಲಿಗೆ ಹಾಕುತ್ತೇವೆ. 2012ರ ವಿಶ್ವ ಆರೋಗ್ಯ ಸಂಸ್ಥೆಯ ವರ್ಗೀಕರಣದಲ್ಲಿ ಅದರ ಹೆಸರನ್ನೇ "ವಿಶೇಷ ಬಗೆಯಲ್ಲದ್ದು" ಅಂತ ಬದಲಾಯಿಸಿದರು. ಎನ್‌ಎಸ್‌ಟಿ ಅಂತ ಬರೆದಿದ್ದರೂ ಗಾಬರಿ ಬೇಡ, ಅದೇ ಇದು.

ಚಿಕಿತ್ಸೆ ನಿರ್ಧಾರ ಆಗುವುದು ಕೆಳಗಿನ ಸಾಲುಗಳಿಂದ.

ಇಆರ್, ಪಿಆರ್ ಅಂದರೆ ಹೆಣ್ಣಿನ ಹಾರ್ಮೋನನ್ನು ಹಿಡಿದುಕೊಳ್ಳುವ ಜಾಗಗಳು. ನಿಮ್ಮ ಅತ್ತೆಯ ಗಡ್ಡೆ ಆ ಹಾರ್ಮೋನ್ ಕುಡಿದೇ ಬೆಳೆದಿದ್ದು. ಲೆಟ್ರೊಜೋಲ್ ಹಾರ್ಮೋನ್ ತಯಾರಾಗುವುದನ್ನೇ ತಡೆಯುತ್ತದೆ. ಗದ್ದೆಗೆ ಬರುವ ನೀರಿನ ತೂಬು ಮುಚ್ಚಿದ ಹಾಗೆ. ನಿಮ್ಮ ಅಕ್ಕನ ಗಡ್ಡೆಗೆ ಆ ಕಾಲುವೆಯೇ ಇಲ್ಲ. ಇಲ್ಲದ ತೂಬು ಮುಚ್ಚಿ ಏನು ಉಪಯೋಗ? ಅದಕ್ಕೇ ಆ ಮಾತ್ರೆ ಅವರಿಗೆ ಕೊಡುವುದಿಲ್ಲ. ಅವರಿಗೆ ಏನೋ ಕಮ್ಮಿ ಮಾಡುತ್ತಿದ್ದಾರೆ ಅಂತ ಅಲ್ಲ.

1896ರಲ್ಲಿ ಗ್ಲಾಸ್ಗೋದ ಜಾರ್ಜ್ ಬೀಟ್ಸನ್ ಅನ್ನುವ ಸರ್ಜನ್ ಅಂಡಾಶಯ ತೆಗೆದರೆ ಕೆಲವು ಹೆಂಗಸರ ಸ್ತನದ ಗಡ್ಡೆ ಕರಗುತ್ತದೆ ಅಂತ ಬರೆದರು. ಹಾರ್ಮೋನ್ ಅನ್ನುವ ಪದವೇ ಆಗ ಹುಟ್ಟಿರಲಿಲ್ಲ. ಎಲ್ಲರಲ್ಲೂ ಯಾಕೆ ಕರಗಲಿಲ್ಲ ಅನ್ನುವ ಪ್ರಶ್ನೆಗೆ ಉತ್ತರ ಸಿಗಲು ಮುಕ್ಕಾಲು ಶತಮಾನ ಬೇಕಾಯಿತು. ಆ ಉತ್ತರವೇ ಇವತ್ತು ನಿಮ್ಮ ಕೈಯಲ್ಲಿರುವ ಇಆರ್ ಸಾಲು.

ಇನ್ನು ಹರ್-2. ಅದು ಕಣಕ್ಕೆ ಬೆಳೆಯುವ ಸೂಚನೆ ಕೊಡುವ ಒಂದು ಪ್ರೋಟೀನ್. "1+" ನೋಡಿ ಪಾಸಿಟಿವ್ ಅಂದುಕೊಳ್ಳಬೇಡಿ. ಸೊನ್ನೆ ಮತ್ತು 1+ ಎರಡೂ ನೆಗೆಟಿವ್. 3+ ಪಾಸಿಟಿವ್. 2+ ಬಂದರೆ ಮಾತ್ರ ಫಿಶ್ ಅನ್ನುವ ಇನ್ನೊಂದು ಪರೀಕ್ಷೆ. ಮೂರೂ ನೆಗೆಟಿವ್ ಆದ್ದರಿಂದ ಅಕ್ಕನದ್ದನ್ನು ಟ್ರಿಪಲ್ ನೆಗೆಟಿವ್ ಅನ್ನುತ್ತಾರೆ.

ಗ್ರೇಡ್ ಬೇರೆ, ಸ್ಟೇಜ್ ಬೇರೆ. ಇದನ್ನು ತುಂಬಾ ಜನ ಬೆರೆಸುತ್ತಾರೆ. ಸ್ಟೇಜ್ ಅಂದರೆ ಎಷ್ಟು ದೂರ ಹೋಗಿದೆ ಅಂತ. ಗ್ರೇಡ್ ಅಂದರೆ ಆ ಕಣಗಳು ಮಾಮೂಲಿ ಕಣಗಳ ಥರ ಎಷ್ಟು ಕಾಣುತ್ತವೆ ಅಂತ. ಕೊಳವೆ ಕಟ್ಟುತ್ತಿವೆಯಾ, ಕಣಬೀಜ ಎಷ್ಟು ಅಂಕುಡೊಂಕು, ಎಷ್ಟು ಬೇಗ ಒಡೆದು ಎರಡಾಗುತ್ತಿವೆ ಅಂತ ನೋಡಿ ಒಂದೊಂದಕ್ಕೂ 1ರಿಂದ 3 ಅಂಕ ಕೊಡುತ್ತೇವೆ. ಒಟ್ಟು 8 ಅಥವಾ 9 ಬಂದರೆ ಗ್ರೇಡ್ 3. ಕೆಐ-67 ಅಂದರೆ ನೂರರಲ್ಲಿ ಎಷ್ಟು ಕಣಗಳು ಒಡೆಯುವ ಕೆಲಸದಲ್ಲಿವೆ ಅಂತ. 70 ಅಂದರೂ ಅದೇ ಮಾತು, ಬೇಗ ಬೆಳೆಯುವ ಗಡ್ಡೆ. ಬೇಗ ಒಡೆಯುವ ಕಣಗಳ ಮೇಲೆ ಕೀಮೋ ಚೆನ್ನಾಗಿ ಕೆಲಸ ಮಾಡುತ್ತದೆ. ಅತ್ತೆಯ ಗಡ್ಡೆಗೆ ಕೀಮೋ ಕೊಟ್ಟಿದ್ದರೆ ಅಷ್ಟು ಲಾಭ ಸಿಗುತ್ತಿರಲಿಲ್ಲ.

ವಾರ್ಡ್ ಸಿಸ್ಟರ್ · ಜೂನ್ 4, ಬೆಳಿಗ್ಗೆ 6:15

ಡಾಕ್ಟರ್ ಮೇಡಂ ಚೆನ್ನಾಗಿ ಹೇಳಿದ್ದಾರೆ. ಒಂದು ವಿಷಯ ಸೇರಿಸುತ್ತೇನೆ. ಇಆರ್ ಸೊನ್ನೆ ಅಂತ ಬಂದಾಗ ತುಂಡನ್ನು ಹೇಗೆ ಇಟ್ಟಿದ್ದರು ಅಂತ ಒಮ್ಮೆ ಕೇಳಿ. ನಾನು ಹಿಂದೆ ಕೆಲಸ ಮಾಡಿದ ಒಂದು ಚಿಕ್ಕ ನರ್ಸಿಂಗ್ ಹೋಮ್‌ನಲ್ಲಿ ಆಪರೇಷನ್ ಆದ ತುಂಡನ್ನು ರಾತ್ರಿಯೆಲ್ಲ ಸಲೈನ್‌ನಲ್ಲಿ ಇಟ್ಟು ಬೆಳಿಗ್ಗೆ ಲ್ಯಾಬಿಗೆ ಕಳಿಸಿದ್ದನ್ನು ಕಣ್ಣಾರೆ ನೋಡಿದ್ದೇನೆ. ಆ ಹೆಂಗಸಿಗೆ ನೆಗೆಟಿವ್ ಬಂತು. ದೊಡ್ಡ ಆಸ್ಪತ್ರೆಯಲ್ಲಿ ಹಳೆಯ ಬಯಾಪ್ಸಿಯ ಬ್ಲಾಕ್ (ಮೇಣದಲ್ಲಿ ಹುದುಗಿಸಿಟ್ಟ ತುಂಡು) ತರಿಸಿ ಮತ್ತೆ ಮಾಡಿದಾಗ ಪಾಸಿಟಿವ್! ಅವರಿಗೆ ಮಾತ್ರೆ ತಪ್ಪಿ ಹೋಗುತ್ತಿತ್ತು.

ಸ್ಲೈಡ್ ನೋಡುವವಳು · ಜೂನ್ 4, ಬೆಳಿಗ್ಗೆ 7:50

ಸಿಸ್ಟರ್, ಇದನ್ನು ಬರೆದಿದ್ದಕ್ಕೆ ತುಂಬಾ ಥ್ಯಾಂಕ್ಸ್. ತುಂಡು ತೆಗೆದು ಒಂದು ಗಂಟೆಯೊಳಗೆ ಫಾರ್ಮಲಿನ್‌ಗೆ, ಅಂದರೆ ಅದು ಕೆಡದಂತೆ ಇಡುವ ದ್ರಾವಣಕ್ಕೆ, ಹೋಗಬೇಕು. ಸುಮ್ನೆ ಯಾವುದೋ ಫಾರ್ಮಲಿನ್ ಅಲ್ಲ, ಬಫರ್ ಇರುವಂಥದ್ದು. ಅದರಲ್ಲಿ 6 ಗಂಟೆಗೆ ಕಮ್ಮಿ ಇಲ್ಲದೆ, 72 ಗಂಟೆ ಮೀರದೆ ಇರಬೇಕು. ದೊಡ್ಡ ತುಂಡಾದರೆ ಕತ್ತರಿಸಿ ಒಳಗೂ ಇಳಿಯುವಂತೆ ಮಾಡಬೇಕು. ಇಲ್ಲದಿದ್ದರೆ ಕಾಲುವೆ ಇದ್ದರೂ ಇಲ್ಲ ಅಂತ ರಿಪೋರ್ಟ್ ಬರುತ್ತದೆ.

ಹೇಮಾವತಿ ಅವರೇ, ಅಕ್ಕನದ್ದು ಸೂಜಿ ಬಯಾಪ್ಸಿ ಆಗಿದ್ದರೆ ಈ ಭಯ ಕಮ್ಮಿ. ಸಣ್ಣ ತುಂಡು, ನೇರ ಡಬ್ಬಿಗೆ ಹೋಗುತ್ತದೆ. ರಿಪೋರ್ಟ್‌ನಲ್ಲಿ "ಇಂಟರ್ನಲ್ ಕಂಟ್ರೋಲ್ ಪಾಸಿಟಿವ್" ಅಂತ ಇದೆಯಾ ನೋಡಿ. ಅದೇ ಸ್ಲೈಡಿನಲ್ಲಿ ಪಕ್ಕದ ಆರೋಗ್ಯವಾದ ಹಾಲಿನ ನಾಳಗಳು ಬಣ್ಣ ಹಿಡಿದಿವೆ ಅಂತ ಅರ್ಥ. ಅವು ಹಿಡಿದು ಗಡ್ಡೆ ಹಿಡಿಯದಿದ್ದರೆ ಆ ಸೊನ್ನೆಯನ್ನು ನಂಬಬಹುದು.

ಹೇಮಾವತಿ ತೀರ · ಜೂನ್ 4, ಬೆಳಿಗ್ಗೆ 8:30

ಸೂಜಿ ಬಯಾಪ್ಸಿಯೇ ಮೇಡಂ. ಆ ಸಾಲೂ ಇದೆ. ತೂಬಿನ ಮಾತು ಅಕ್ಕನಿಗೆ ಓದಿ ಹೇಳಿದೆ. "ಹಾಗಾದ್ರೆ ಸರಿ" ಅಂದಳು. ಎರಡು ತಿಂಗಳಿಂದ ಅವಳ ಬಾಯಲ್ಲಿ ಆ ಮಾತು ಕೇಳಿರಲಿಲ್ಲ.

ಮಂಡ್ಯದ ಮಗ · ಜೂನ್ 4, ಮಧ್ಯಾಹ್ನ 1:10

ನಮ್ಮಮ್ಮನದು ಮೂರನೆಯ ಬಗೆ, ಹರ್-2. ಮೊದಲು 2+ ಬಂತು. ಫಿಶ್‌ಗೆ ಬೆಂಗಳೂರಿಗೆ ಬ್ಲಾಕ್ ನಾನೇ ಬಸ್ಸಿನಲ್ಲಿ ಹಿಡಿದುಕೊಂಡು ಹೋದೆ. ಹನ್ನೆರಡು ದಿನ ಕಾದೆವು, ಪಾಸಿಟಿವ್ ಬಂತು. ಆವತ್ತು ಅಮ್ಮ ಅತ್ತರು. ಡಾಕ್ಟರ್ ಮಾತ್ರ "ಇದಕ್ಕೆ ಗುರಿ ಇಟ್ಟು ಹೊಡೆಯುವ ಔಷಧ ಇದೆ" ಅಂದರು. ಕೀಮೋ ಜೊತೆ ಟ್ರಾಸ್ಟುಜುಮಾಬ್ ಇಂಜೆಕ್ಷನ್, ಮೂರು ವಾರಕ್ಕೊಮ್ಮೆ ಒಂದು ವರ್ಷ. ಹೃದಯಕ್ಕೆ ತೊಂದರೆ ಆಗಬಾರದು ಅಂತ ಮೂರು ತಿಂಗಳಿಗೊಮ್ಮೆ ಎಕೋ.

ಈ ಔಷಧ ಅಮೆರಿಕದಲ್ಲಿ 1998ರಲ್ಲೇ ಬಂದಿತ್ತು. ನಮ್ಮಂಥವರಿಗೆ ಬೆಲೆ ಕೇಳಲೂ ಆಗುತ್ತಿರಲಿಲ್ಲ. 2014ರಲ್ಲಿ ಬೆಂಗಳೂರಿನ ಬಯೋಕಾನ್ ಅದಕ್ಕೆ ಸಮನಾದ ಔಷಧವನ್ನು ಇಲ್ಲೇ ಬಿಡುಗಡೆ ಮಾಡಿದ ಮೇಲೆ ದಾರಿ ತೆರೆಯಿತು. ಅಮ್ಮ ಇವತ್ತು ಇದ್ದಾರೆ ಅಂದರೆ ಅದರಲ್ಲಿ ಆ ಬಾಟಲಿಯ ಪಾಲೂ ಇದೆ.

ಗದ್ದೆಬದು · ಜೂನ್ 4, ಸಂಜೆ 6:00

ಎಲ್ಲರೂ ಬಯಾಪ್ಸಿ ಬಯಾಪ್ಸಿ ಅನ್ನುತ್ತಿದ್ದೀರಿ. ಸೂಜಿ ಚುಚ್ಚಿದರೆ ಹರಡುತ್ತದೆ ಅಂತ ನಮ್ಮ ಕಡೆ ಹೇಳುತ್ತಾರೆ. ನಮ್ಮ ಚಿಕ್ಕಮ್ಮ ಆ ಭಯಕ್ಕೇ ಒಪ್ಪುತ್ತಿಲ್ಲ.

ಬಿಳಿಜೋಳ · ಜೂನ್ 4, ಸಂಜೆ 7:25

ಹರಡುವುದಿಲ್ಲರೀ. ದಯವಿಟ್ಟು ಚಿಕ್ಕಮ್ಮನ್ನ ಕರೆದುಕೊಂಡು ಹೋಗಿ. ಸೂಜಿ ಚುಚ್ಚದೆ ಇದು ಯಾವ ಬಗೆ ಅಂತ ಗೊತ್ತಾಗುವುದಿಲ್ಲ. ಬಗೆ ಗೊತ್ತಾಗದೆ ಔಷಧ ಕೊಡಲು ಬರುವುದಿಲ್ಲ. ಬೇಕಾದರೆ ನನ್ನ ಜೊತೆ ಫೋನಿನಲ್ಲಿ ಮಾತಾಡಲಿ. ನನಗೂ ಇದೇ ಆಗಿತ್ತು.

ಹೇಮಾವತಿ ತಂಗಿ, ಈಗ ನಿನಗೆ. ನಾನು ಧಾರವಾಡದವಳು. 41ಕ್ಕೆ ಟ್ರಿಪಲ್ ನೆಗೆಟಿವ್ ಬಂತು. ಈಗ 48. ಏಳು ವರ್ಷ ಆಯಿತು.

ಇಂಟರ್ನೆಟ್‌ನಲ್ಲಿ ಈ ಹೆಸರು ಹುಡುಕಿದರೆ ಎದೆ ಒಡೆಯುವಂಥದ್ದೇ ಕಾಣುತ್ತದೆ. ಅದರ ಇನ್ನೊಂದು ಮುಖ ಅಕ್ಕನಿಗೆ ಹೇಳು. ನಮ್ಮ ಬಗೆಯದ್ದು ಮರಳಿ ಬರುವುದಾದರೆ ಹೆಚ್ಚಾಗಿ ಮೊದಲ ಮೂರು ವರ್ಷದಲ್ಲಿ. ಐದು ವರ್ಷ ದಾಟಿದ ಮೇಲೆ ಆ ಭಯ ತುಂಬಾ ಇಳಿಯುತ್ತದೆ. ಹಾರ್ಮೋನ್ ಬಗೆಯದ್ದು ನಿಧಾನ, ಆದರೆ ಹದಿನೈದು ಇಪ್ಪತ್ತು ವರ್ಷ ಆದಮೇಲೂ ಬರಬಹುದು. ಅದಕ್ಕೇ ನಿಮ್ಮ ಅತ್ತೆ ಚೆನ್ನಾಗಿದ್ದೇನೆ ಅಂತ ಮಾತ್ರೆ ಬಿಡಬಾರದು. ನೆನಪಿಸುತ್ತಾ ಇರು.

ಮೊದಲ ನಾಲ್ಕು ಕೀಮೋದಲ್ಲಿ ಕೆಂಪು ಔಷಧ ಇರುತ್ತದೆ. ಮೂತ್ರ ಕೆಂಪಾಗುತ್ತದೆ. ರಕ್ತ ಅಂತ ಹೆದರಬೇಡಿ. ಜ್ವರ 100 ದಾಟಿದರೆ ಬೆಳಗಾಗಲಿ ಅಂತ ಕಾಯಬೇಡಿ, ರಾತ್ರಿಯೇ ಹೋಗಿ.

ಇನ್ನೊಂದು ಮುಖ್ಯ ವಿಷಯ. ಗಡ್ಡೆಯೊಳಗೆ ಕ್ಲಿಪ್ ಹಾಕಿದ್ದಾರಾ ಕೇಳು. ಎಳ್ಳಿನಷ್ಟು ಸಣ್ಣ ಲೋಹದ ಚೂರು. ಕೀಮೋಗೆ ಗಡ್ಡೆ ಪೂರ್ತಿ ಕರಗಿಬಿಟ್ಟರೆ ಎಲ್ಲಿ ಇತ್ತು ಅಂತ ಸರ್ಜನ್‌ಗೆ ಗೊತ್ತಾಗುವುದು ಅದರಿಂದಲೇ. ನನ್ನದು ನಾಲ್ಕನೇ ಕೀಮೋಗೇ ಕೈಗೆ ಸಿಗದ ಹಾಗೆ ಆಗಿತ್ತು. ಆಪರೇಷನ್ ತುಂಡಿನಲ್ಲಿ ಒಂದು ಕಣವೂ ಉಳಿದಿರಲಿಲ್ಲ. ಅದಕ್ಕೇ ಕೀಮೋ ಮೊದಲು ಕೊಡುವುದು, ಔಷಧಕ್ಕೆ ಗಡ್ಡೆ ಬಗ್ಗುತ್ತದೆಯಾ ಅಂತ ಕಣ್ಣೆದುರೇ ತಿಳಿಯುತ್ತದೆ. ಸ್ವಲ್ಪ ಉಳಿದಿದ್ದರೂ ಆಮೇಲೆ ಕೊಡಲು ಕೆಪೆಸಿಟಾಬಿನ್ ಅನ್ನುವ ಮಾತ್ರೆ ಇದೆ.

ರಾಲಿ ಕನ್ನಡಿಗ · ಜೂನ್ 5, ಬೆಳಿಗ್ಗೆ 5:40

ಅಮೆರಿಕದ ನಾರ್ತ್ ಕೆರೊಲೈನಾದಿಂದ. ನನ್ನ ಕೆಲಸ ಆರೋಗ್ಯದ ಅಂಕಿಸಂಖ್ಯೆ. ಟೀಚರ್ ಮೇಡಂ ಪ್ರಶ್ನೆಗೆ ಬರುತ್ತೇನೆ.

ಯಾರಿಗೆ ಬರುತ್ತದೆ ಅನ್ನುವ ಲೆಕ್ಕ ಹಳೆಯದು. 1926ರಲ್ಲಿ ಇಂಗ್ಲೆಂಡಿನ ಜಾನೆಟ್ ಲೇನ್-ಕ್ಲೇಪನ್ ಅನ್ನುವ ಡಾಕ್ಟರ್ ಕಾಯಿಲೆ ಇದ್ದ 500 ಹೆಂಗಸರನ್ನೂ ಇಲ್ಲದ 500 ಹೆಂಗಸರನ್ನೂ ಕೂರಿಸಿ ಒಂದೇ ಪ್ರಶ್ನೆಗಳನ್ನು ಕೇಳಿಸಿದರು. ಮದುವೆ ಯಾವಾಗ, ಮಕ್ಕಳೆಷ್ಟು, ಎಷ್ಟು ದಿನ ಹಾಲು ಕುಡಿಸಿದಿರಿ ಅಂತ. ತಡವಾಗಿ ಮದುವೆ, ಕಮ್ಮಿ ಮಕ್ಕಳು ಇದ್ದವರಲ್ಲಿ ಜಾಸ್ತಿ ಕಂಡಿತು. 2002ರಲ್ಲಿ 30 ದೇಶಗಳ 47 ಅಧ್ಯಯನಗಳನ್ನು ಸೇರಿಸಿ ನೋಡಿದಾಗ ಪ್ರತಿ 12 ತಿಂಗಳು ಹಾಲು ಕುಡಿಸಿದ್ದಕ್ಕೆ ಅಪಾಯ ನೂರಕ್ಕೆ 4.3ರಷ್ಟು ಇಳಿದಿತ್ತು.

ಮೇಡಂ, ನೀವು ಹಾಲು ಕುಡಿಸಿ ಅಂದದ್ದು ಸರಿ. "ಬರುವುದಿಲ್ಲ" ಅಂದದ್ದು ಮಾತ್ರ ಜಾಸ್ತಿ ಆಯಿತು. 4.3 ಅನ್ನುವುದು ಸಾವಿರಾರು ಜನರ ಲೆಕ್ಕದಲ್ಲಿ ಕಾಣುವ ಸಂಖ್ಯೆ. ಒಬ್ಬಳ ಮೈಗೆ ಅದು ಖಾತ್ರಿ ಕೊಡುವುದಿಲ್ಲ. ಹೇಮಾವತಿ ಅವರ ಅಕ್ಕ ಏನೂ ತಪ್ಪು ಮಾಡಿಲ್ಲ.

ನಾನಿರುವ ರಾಜ್ಯದ ಇನ್ನೊಂದು ಅಧ್ಯಯನ ಈ ಚರ್ಚೆಗೆ ನೇರ ಬರುತ್ತದೆ. 2006ರಲ್ಲಿ ಪ್ರಕಟವಾದದ್ದು. ಕಾಯಿಲೆ ಬಂದ, ಮುಟ್ಟು ನಿಲ್ಲದ ಕಪ್ಪು ಹೆಂಗಸರಲ್ಲಿ ನೂರಕ್ಕೆ 39 ಜನರ ಗಡ್ಡೆ ಹೆಚ್ಚು ಕಡಿಮೆ ಟ್ರಿಪಲ್ ನೆಗೆಟಿವ್ ಗುಂಪಿನದು. ಮುಟ್ಟು ನಿಂತ ಕಪ್ಪು ಹೆಂಗಸರಲ್ಲಿ 14. ಉಳಿದವರಲ್ಲಿ 16. ಗಡ್ಡೆಯ ಬಗೆ ವಯಸ್ಸು ಮತ್ತು ಜನಾಂಗದ ಜೊತೆ ಬದಲಾಗುತ್ತದೆ ಅಂತ ಅಷ್ಟು ಸ್ಪಷ್ಟವಾಗಿ ಕಂಡಿತು.

ಭಾರತದ ಅಧ್ಯಯನಗಳನ್ನು ಒಟ್ಟು ಹಾಕಿದರೆ ಟ್ರಿಪಲ್ ನೆಗೆಟಿವ್ ಪಾಲು ನೂರಕ್ಕೆ ಸುಮಾರು 30 ಬರುತ್ತದೆ. ಪಶ್ಚಿಮದ ದೇಶಗಳಲ್ಲಿ 10–15. ಕಾಯಿಲೆ ಬರುವ ವಯಸ್ಸೂ ನಮ್ಮಲ್ಲಿ ಸುಮಾರು ಹತ್ತು ವರ್ಷ ಮುಂಚೆ. ಆದರೆ ಇದನ್ನು ಓದುವಾಗ ಸ್ವಲ್ಪ ನಿಧಾನ ಬೇಕು. ನಮ್ಮ ದೇಶದಲ್ಲಿ ಚಿಕ್ಕ ವಯಸ್ಸಿನವರೇ ಜಾಸ್ತಿ. ಹಾಗಾಗಿ ಸರಾಸರಿ ತಾನಾಗಿಯೇ ಕೆಳಗೆ ಬರುತ್ತದೆ. ವಯಸ್ಸಾದವರಲ್ಲಿ ಬರುವ ಹಾರ್ಮೋನ್ ಬಗೆ ಕಮ್ಮಿ ಇರುವುದರಿಂದ ಟ್ರಿಪಲ್ ನೆಗೆಟಿವ್ ಪಾಲು ದೊಡ್ಡದಾಗಿ ಕಾಣುತ್ತದೆ. ನಮ್ಮ 36ರ ಹೆಣ್ಣುಮಗಳಿಗೆ ಇಲ್ಲಿನ 36ರವಳಿಗಿಂತ ಜಾಸ್ತಿ ಬರುತ್ತದೆ ಅನ್ನುವ ಅರ್ಥ ಅಲ್ಲ.

ವಾರ್ಡ್ ಸಿಸ್ಟರ್ · ಜೂನ್ 5, ಬೆಳಿಗ್ಗೆ 9:00

ಅಂಕಿಯ ಲೆಕ್ಕ ಸರಿ ಇರಬಹುದು ಸರ್. ಆದರೆ ವಾರ್ಡಿನಲ್ಲಿ ನಿಂತವಳಿಗೆ 35, 38ರ ಮುಖಗಳೇ ಕಾಣುತ್ತವೆ. ಅವರಲ್ಲಿ ಅರ್ಧಕ್ಕಿಂತ ಜಾಸ್ತಿ ಜನ ಬರುವಾಗಲೇ ಗಡ್ಡೆ ನಿಂಬೆಹಣ್ಣಿನ ಗಾತ್ರ ದಾಟಿರುತ್ತದೆ. ಚಿಕ್ಕ ವಯಸ್ಸು ಅಂತ ಕಳಿಸುವುದು ನಿಲ್ಲಬೇಕು, ಅಷ್ಟೇ ನನ್ನ ಮಾತು.

ರಾಲಿ ಕನ್ನಡಿಗ · ಜೂನ್ 5, ಬೆಳಿಗ್ಗೆ 9:20

ಪೂರ್ತಿ ಒಪ್ಪುತ್ತೇನೆ ಸಿಸ್ಟರ್. ಮುಂಬೈಯ ಟಾಟಾ ಆಸ್ಪತ್ರೆಯವರು 1998ರಿಂದ 20 ವರ್ಷ, ಒಂದೂವರೆ ಲಕ್ಷ ಹೆಂಗಸರನ್ನು ಗಮನಿಸಿದ ಅಧ್ಯಯನ 2021ರಲ್ಲಿ ಬಂತು. ತರಬೇತಿ ಪಡೆದ ಆರೋಗ್ಯ ಕಾರ್ಯಕರ್ತೆಯರು ಎರಡು ವರ್ಷಕ್ಕೊಮ್ಮೆ ಕೈಯಿಂದ ಮುಟ್ಟಿ ನೋಡಿದ್ದು, ಅಷ್ಟೇ. ಮೆಷೀನ್ ಇಲ್ಲ. 50 ದಾಟಿದವರಲ್ಲಿ ಸಾವು ನೂರಕ್ಕೆ ಸುಮಾರು 30ರಷ್ಟು ಇಳಿಯಿತು. 50ರ ಒಳಗಿನವರಲ್ಲಿ ಆ ಲಾಭ ಕಾಣಲಿಲ್ಲ. ಅದಕ್ಕೇ ಚಿಕ್ಕವರು ಗಂಟು ಇದೆ ಅಂತ ತಾವಾಗಿ ಬಂದಾಗ ಆ ಮಾತನ್ನು ಗಂಭೀರವಾಗಿ ತೆಗೆದುಕೊಳ್ಳಬೇಕು.

ಕುಂದಾಪುರ ಕಡಲು · ಜೂನ್ 5, ಸಂಜೆ 4:45

ಎಲ್ಲರೂ ಗಂಟು ಅನ್ನುತ್ತೀರಿ. ನಮ್ಮ ಅಮ್ಮನಿಗೆ, 68 ವರ್ಷ, ಗಂಟೇ ಇರಲಿಲ್ಲ. ಒಂದು ಕಡೆ ಸ್ವಲ್ಪ ದಪ್ಪ ಅನ್ನಿಸುತ್ತಿತ್ತು, ತೊಟ್ಟು ಒಳಗೆ ಎಳೆದಿತ್ತು. ಮ್ಯಾಮೊಗ್ರಾಮ್‌ನಲ್ಲೂ ಏನಿಲ್ಲ ಅಂದರು. ಕೊನೆಗೆ ಎಂಆರ್‌ಐ ಮಾಡಿ ಬಯಾಪ್ಸಿ ಮಾಡಿದರೆ ಲೋಬ್ಯುಲರ್ ಅಂತ ಬಂತು. ಇದು ಯಾವ ಬಗೆ?

ಸ್ಲೈಡ್ ನೋಡುವವಳು · ಜೂನ್ 5, ರಾತ್ರಿ 9:30

ನೂರರಲ್ಲಿ ಹತ್ತು ಹದಿನೈದು ಇದೇ. ಮಾಮೂಲಿ ಕಣಗಳನ್ನು ಒಂದಕ್ಕೊಂದು ಹಿಡಿದಿಡುವ ಅಂಟಿನಂಥ ಪ್ರೋಟೀನ್ ಇದರಲ್ಲಿ ಕಳೆದುಹೋಗಿರುತ್ತದೆ. ಹಾಗಾಗಿ ಉಂಡೆ ಕಟ್ಟುವುದಿಲ್ಲ. ಇರುವೆ ಸಾಲಿನ ಥರ ಒಂದರ ಹಿಂದೆ ಒಂದು ನುಗ್ಗುತ್ತವೆ. ಕೈಗೂ ಸಿಗುವುದಿಲ್ಲ, ಮ್ಯಾಮೊಗ್ರಾಮ್‌ಗೂ ತಪ್ಪಿಸಿಕೊಳ್ಳುತ್ತದೆ. ಬಹುತೇಕ ಇಆರ್ ಪಾಸಿಟಿವ್, ಮಾತ್ರೆಗೆ ಬಗ್ಗುತ್ತದೆ. ನಿಮ್ಮ ತಾಯಿಯ ತೊಟ್ಟು ಒಳಗೆ ಹೋದದ್ದನ್ನು ನೀವು ಬಿಡದೆ ತೋರಿಸಿದ್ದು ತುಂಬಾ ಒಳ್ಳೆಯದಾಯಿತು.

ಹೇಮಾವತಿ ಅವರೇ, ಕೇಳಲು ಮರೆತಿದ್ದೆ. ಅಕ್ಕನಿಗೆ ಬಿಆರ್‌ಸಿಎ ಪರೀಕ್ಷೆ, ಅಂದರೆ ಕ್ಯಾನ್ಸರ್ ಅಪಾಯ ಹೆಚ್ಚಿಸುವ ಜೀನಿನ ಬದಲಾವಣೆ ವಂಶದಿಂದ ಬಂದಿದೆಯಾ ಅಂತ ನೋಡುವ ಪರೀಕ್ಷೆ, ಮಾಡಿಸಿದ್ದಾರಾ? ಟ್ರಿಪಲ್ ನೆಗೆಟಿವ್ ಬಂದವರಿಗೆ, ಅದೂ ಈ ವಯಸ್ಸಿಗೆ, ಮಾಡಿಸಲೇಬೇಕು. ಮನೆಯಲ್ಲಿ ಬೇರೆ ಯಾರಿಗಾದರೂ ಕ್ಯಾನ್ಸರ್ ಇತ್ತಾ?

ಹೇಮಾವತಿ ತೀರ · ಜೂನ್ 5, ರಾತ್ರಿ 10:10

ಡಾಕ್ಟರ್ ಕೇಳಿದ್ದರು. ಅಮ್ಮನ ಕಡೆ ಯಾರಿಗೂ ಇಲ್ಲ ಅಂತ ಹೇಳಿದೆವು. ಅಪ್ಪನ ಅಕ್ಕ ಒಬ್ಬರು ಹೊಟ್ಟೆಯಲ್ಲಿ ನೀರು ತುಂಬಿ 44ಕ್ಕೆ ತೀರಿಕೊಂಡರು. ಅದು ಲಿವರ್ ಅಂತ ಮನೆಯಲ್ಲಿ ಹೇಳುತ್ತಾರೆ. ಅಪ್ಪನ ಕಡೆಯದು ಲೆಕ್ಕಕ್ಕೆ ಬರುವುದಿಲ್ಲ ಅಲ್ವಾ?

ಸ್ಲೈಡ್ ನೋಡುವವಳು · ಜೂನ್ 5, ರಾತ್ರಿ 10:25

ಬರುತ್ತದೆ. ಅಷ್ಟೇ ಬರುತ್ತದೆ. ಆ ಜೀನ್ ಅಪ್ಪನಿಂದಲೂ ಬರಬಹುದು, ಅಪ್ಪ ಪೂರ್ತಿ ಆರೋಗ್ಯವಾಗಿದ್ದರೂ. 44ಕ್ಕೆ ಹೊಟ್ಟೆಯಲ್ಲಿ ನೀರು ತುಂಬಿತು ಅಂದರೆ ಅದು ಅಂಡಾಶಯದ ಕ್ಯಾನ್ಸರ್ ಆಗಿರಬಹುದು. ಹೌದು ಅಂತ ಹೇಳುತ್ತಿಲ್ಲ. ಹಳೇ ಚೀಟಿ ಏನಾದರೂ ಇದ್ದರೆ ಹುಡುಕಿ, ನಾಳೆಯೇ ಡಾಕ್ಟರ್‌ಗೆ ಈ ವಿಷಯ ಹೇಳಿ.

ಬಿಆರ್‌ಸಿಎ ಅಂತ ಗೊತ್ತಾದರೆ ಚಿಕಿತ್ಸೆಗೂ ಉಪಯೋಗ ಇದೆ. ಅಂಥವರಿಗೆ ಒಲಾಪರಿಬ್ ಅನ್ನುವ ಮಾತ್ರೆ ಇದೆ.

ಹೇಮಾವತಿ ತೀರ · ಜುಲೈ 11, ರಾತ್ರಿ 8:15

ಐದು ವಾರ ಬರೆಯಲು ಆಗಲಿಲ್ಲ, ಎಲ್ಲರೂ ಕ್ಷಮಿಸಿ.

ಅಪ್ಪ ಅಟ್ಟ ಹತ್ತಿ ಟ್ರಂಕಿನಲ್ಲಿ ಹುಡುಕಿದರು. ಸೋದರತ್ತೆಯ ಡಿಸ್ಚಾರ್ಜ್ ಚೀಟಿ ಸಿಕ್ಕಿತು, 1998ರದ್ದು, ಅರ್ಧ ಗೆದ್ದಲು ತಿಂದಿದೆ. "ಓವರಿ" ಅನ್ನುವ ಪದ ಮಾತ್ರ ಸ್ಪಷ್ಟ ಇದೆ. ಅಪ್ಪ ಅದನ್ನು ಹಿಡಿದುಕೊಂಡು ತುಂಬಾ ಹೊತ್ತು ಕೂತಿದ್ದರು. "ನಮಗೆ ಯಾರೂ ಹೇಳಲೇ ಇಲ್ಲ" ಅಂದರು.

ಅಕ್ಕನ ಪರೀಕ್ಷೆ ಮಾಡಿಸಿದೆವು. ಮೊನ್ನೆ ಬಂತು. ಬಿಆರ್‌ಸಿಎ-1 ಇದೆ.

ಒಳ್ಳೆಯದೂ ಇದೆ. ಮೂರು ಕೀಮೋ ಮುಗಿಯಿತು. 4.2 ಸೆಂಟಿಮೀಟರ್ ಇದ್ದ ಗಡ್ಡೆ ಈಗ 1.9. ಕ್ಲಿಪ್ ಹಾಕಿಸಿದ್ದೇವೆ, ಬಿಳಿಜೋಳ ಅಕ್ಕ. ಅವಳಿಗೆ ಈಗ ಅತ್ತೆಯೇ ರಾಗಿ ಗಂಜಿ ಮಾಡಿಕೊಡುತ್ತಿದ್ದಾರೆ. ಕೇಳಿದವರಿಗೆಲ್ಲ "ನಂದು ಬೇರೆ, ಅವಳದ್ದು ಬೇರೆ" ಅಂತ ಅತ್ತೆಯೇ ಉತ್ತರ ಕೊಡುತ್ತಾರೆ.

ಇನ್ನು ನನ್ನ ಸರದಿ. ನನಗೂ ಆ ಜೀನ್ ಇರುವ ಸಾಧ್ಯತೆ ಅರ್ಧಕ್ಕರ್ಧ ಅಂದರು. ಭಯ ಆಗುತ್ತಿದೆ, ಸುಳ್ಳು ಹೇಳಲ್ಲ.

ಬಿಳಿಜೋಳ · ಜುಲೈ 11, ರಾತ್ರಿ 8:40

ಭಯ ಆಗಲಿ ತಂಗಿ, ಆದರೂ ಹೋಗು. ಇದೆ ಅಂತ ಬಂದರೆ ವರ್ಷಕ್ಕೊಮ್ಮೆ ಎಂಆರ್‌ಐ ಮಾಡಿ ಕಾಯುತ್ತಾರೆ. ಗಡ್ಡೆ ಕಡಲೆಕಾಳಿನಷ್ಟು ಇರುವಾಗಲೇ ಹಿಡಿಯಬಹುದು. ನನಗೆ ಆ ಅವಕಾಶ ಸಿಕ್ಕಿರಲಿಲ್ಲ.

ಸ್ಲೈಡ್ ನೋಡುವವಳು · ಜುಲೈ 11, ರಾತ್ರಿ 9:05

ತಮ್ಮ ಇದ್ದಾನಾ ನಿಮಗೆ? ಇದ್ದರೆ ಅವನಿಗೂ ಹೇಳಿ. ಗಂಡಸು ಅಂತ ಬಿಡಬೇಡಿ. ಅವನಿಗೂ ಅರ್ಧಕ್ಕರ್ಧವೇ, ಅವನ ಮಕ್ಕಳಿಗೂ ದಾಟಬಹುದು. ಪರೀಕ್ಷೆಗೆ ಅಕ್ಕನ ರಿಪೋರ್ಟ್ ತೆಗೆದುಕೊಂಡು ಹೋಗಿ. ಅದೇ ಒಂದು ಬದಲಾವಣೆ ಇದೆಯಾ ಅಂತ ನೋಡಿದರೆ ಸಾಕು, ಖರ್ಚೂ ಕಮ್ಮಿ.

ಹೇಮಾವತಿ ತೀರ · ಜುಲೈ 12, ಬೆಳಿಗ್ಗೆ 7:00

ತಮ್ಮ ಇದ್ದಾನೆ ಮೇಡಂ, ಬೆಂಗಳೂರಿನಲ್ಲಿ. ಅವನಿಗೆ ಒಬ್ಬಳು ಮಗಳು, ಮೂರು ವರ್ಷ. ರಾತ್ರಿಯೇ ಫೋನ್ ಮಾಡಿದೆ. ಶನಿವಾರ ಬರುತ್ತಾನೆ. ಇಬ್ಬರೂ ಒಟ್ಟಿಗೆ ಹೋಗಿ ರಕ್ತ ಕೊಡುತ್ತೇವೆ.